ಪಕಾರ ಹೋಗಿ ಹಕಾರ ಬಂದದ್ದು

ಕಳೆದ ಶ್ರಾವಣದ ಮೊದಲ ಭಾನುವಾರ ಬೆಳಿಗ್ಗೆ ಇದು ನಡೆಯಿತು.

ನಮ್ಮ ಯಜಮಾನರು ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ಸ್ಮರಣೆಯ ಸಭೆ ತಮಿಳುನಾಡಿನ ಕಡಲತೀರದ ಬೆಸೆಂಟ್ ನಗರದ ನಮ್ಮ ಮನೆಯ ಹಜಾರದಲ್ಲೇ ಸೇರಿತ್ತು. ಸಭೆಯ ಕೊನೆಗೆ ಒಂದು ಪ್ರಕಟಣೆ ಇತ್ತು: ಅದೇ ಹಜಾರದಲ್ಲಿ ಅವರು ನಡೆಸುತ್ತಿದ್ದ ಮಕ್ಕಳ ಕನ್ನಡ ತರಗತಿಯನ್ನು ಇನ್ನು ಮುಚ್ಚಲಾಗುವುದು. ಒಪ್ಪಿಗೆ ಕೊಟ್ಟವಳು ನಾನೇ. ಕಲಿಸುವವರಿಲ್ಲದ ಮೇಲೆ ಬೆಂಚುಗಳಿಗೆ ಹಜಾರದಲ್ಲಿ ಏನು ಕೆಲಸ?

ಆ ಬೆಳಿಗ್ಗೆಯ ವಿಷಯಕ್ಕೆ ಮೊದಲು ಎರಡು ಹಳೆಯ ಸಂಗತಿಗಳನ್ನು ಹೇಳಬೇಕು. ಎರಡು ಭಾಷೆಗಳ ನಡುವೆ ಸಂಸಾರ ಹೂಡಿದವರಿಗೆ ಇಂಥವು ಆಗುತ್ತಲೇ ಇರುತ್ತವೆ. ನಮ್ಮ ಮನೆಯಲ್ಲಿ ಸ್ವಲ್ಪ ಹೆಚ್ಚಾಗಿಯೇ ಆದವು.

ಗೇಟು

ಅವರು ವಿಜ್ಞಾನಿ. ಸಮುದ್ರದ ಗಾಳಿ ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎಂಬುದು ಅವರ ಜೀವಮಾನದ ವಿಷಯ. ಅದಕ್ಕೆ ಬೆಸೆಂಟ್ ನಗರಕ್ಕಿಂತ ತಕ್ಕ ಜಾಗವಿಲ್ಲ. ಇಲ್ಲಿ ಕಿಟಕಿಯ ಸರಳು, ಸೈಕಲ್ಲು, ಡಬ್ಬದ ಮುಚ್ಚಳ, ಎಲ್ಲಕ್ಕೂ ತುಕ್ಕು. ನೆರೆಯವರು ಕೇಳದಿದ್ದರೂ ಅವರ ಗ್ರಿಲ್ಲುಗಳನ್ನು ಪರೀಕ್ಷಿಸಿ, ಯಾವ ಬಣ್ಣ ಬಳಿಯಬೇಕೆಂದು ಹೇಳಿಯೇ ಬರುತ್ತಿದ್ದರು.

ನಾವು ಈ ಊರಿಗೆ ಬಂದ ಹೊಸತು. ಎದುರು ಮನೆಯ ಗೇಟಿನ ಮುಂದೆ ನಿಂತು ಅಲ್ಲಿಯ ಕಾವಲುಗಾರನನ್ನು ಎಚ್ಚರಿಸಿದರು: "ತುಕ್ಕು, ತುಕ್ಕು."

ಅವನು ಗೇಟನ್ನು ನೋಡಿದ, ಇವರನ್ನು ನೋಡಿದ. ಇವರು ಗೇಟಿಗೆ ಬೆರಳು ತೋರಿಸಿ, "ಪೂರ್ತಿ ತುಕ್ಕಪ್ಪಾ" ಎಂದು ದನಿ ಏರಿಸಿದರು.

ತಮಿಳಿನಲ್ಲಿ "ತೂಕ್ಕು" ಎಂದರೆ ಎತ್ತು. ಅವನು ಲುಂಗಿ ಎತ್ತಿ ಕಟ್ಟಿ, ಗೇಟನ್ನು ಕೀಲಿನಿಂದ ಕಳಚಿ, ತಲೆಯ ಮೇಲೆ ಹೊತ್ತು ನಿಂತ. "ಎಂಗೆ ವೈಕ್ಕಣುಂ ಸಾರ್?" ಎಂದ. ಎಲ್ಲಿಡಲಿ ಎಂದು ಅರ್ಥ.

ಮನೆಯ ಒಡೆಯರು ಗಾಬರಿಯಿಂದ ಹೊರಗೆ ಬಂದರು. ಇವರು ಮುರಿದ ಕೀಲನ್ನು ಅವರ ಮುಂದೆ ಹಿಡಿದು, "ನಾನು ಹೇಳಿದ್ದು ಇದನ್ನೇ. ತುಕ್ಕು ತಿನ್ನದಿದ್ದರೆ ಇಷ್ಟು ಸುಲಭವಾಗಿ ಬರುತ್ತಿತ್ತೇ?" ಎಂದರು.

ಸೇತುವೆ

ನಿವೃತ್ತಿಯ ನಂತರ ತಮಗೆ ತಿಳಿದದ್ದನ್ನು ಬಡಾವಣೆಯವರಿಗೂ ತಿಳಿಸಬೇಕೆಂದು ಹೊರಟರು. ಹತ್ತಿರದ ಸಭಾಂಗಣದ ಬಾಗಿಲಿಗೆ ತಾವೇ ತಮಿಳಿನಲ್ಲಿ ಬರೆದು ಅಂಟಿಸಿದರು: "ಸಂಜೆ ಉಪನ್ಯಾಸ. ವಿಷಯ: ಸಮುದ್ರವೂ ಸೇತುವೂ."

ನಮಗೆ ಉಪನ್ಯಾಸವೆಂದರೆ ಯಾವ ಭಾಷಣವಾದರೂ ಸರಿ. ತಮಿಳರಿಗೆ ಅದು ಪುರಾಣ ಪ್ರವಚನ. ಸಮುದ್ರ, ಸೇತು ಎಂದ ಮೇಲೆ ಕೇಳಬೇಕೇ? ಸಭಾಂಗಣ ತುಂಬಿತು. ಎದುರು ಮನೆಯ ಮಾಮಿ ತುಳಸಿಯ ಮಾಲೆ ತಂದು ಇವರ ಕೊರಳಿಗೇ ಹಾಕಿಸಿದರು. ಇವರು ಮಾಲೆ ತೊಟ್ಟು, ಸೇತುವೆಯ ಕಂಬದೊಳಗಿನ ಕಬ್ಬಿಣಕ್ಕೆ ಉಪ್ಪು ಹೇಗೆ ಇಳಿಯುತ್ತದೆ ಎಂದು ವಿವರಿಸಿದರು. ಯಾರೂ ಎದ್ದು ಹೋಗಲಿಲ್ಲ.

ಕೊನೆಗೆ ಮಾಮಿ ವಿನಯದಿಂದ ಕೇಳಿದರು: "ಎಲ್ಲಾಂ ಸರಿ. ಹನುಮಾರ್ ಎಪ್ಪೋ ವರುವಾರ್?"

ಹನುಮಂತ ಯಾವಾಗ ಬರುತ್ತಾನೆ ಎಂಬ ಪ್ರಶ್ನೆಯನ್ನೂ ಇವರು ವಿಜ್ಞಾನದ ಪ್ರಶ್ನೆಯಂತೆಯೇ ಸ್ವೀಕರಿಸಿದರು. "ಅವರು ಕಟ್ಟಿದ್ದು ಬರೀ ಕಲ್ಲಿನಿಂದ ಮಾಮಿ, ಕಬ್ಬಿಣ ಹಾಕಲಿಲ್ಲ. ಅದಕ್ಕೇ ಅವರಿಗೆ ನನ್ನ ಅಗತ್ಯ ಬೀಳಲಿಲ್ಲ."

ಹಕಾರ

ಅವರಿಗೆ ಒಂದೇ ಕೊರಗು. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. "ಊಟ ಆಯಿತೇನಮ್ಮಾ?" ಎಂದರೆ "ಆಚ್ಚು ತಾತಾ" ಎಂದು ತಮಿಳಿನಲ್ಲೇ ಉತ್ತರಿಸುತ್ತಿದ್ದಳು. ಅವಳಿಗಾಗಿಯೇ ತರಗತಿ ತೆರೆದರು. ಸುತ್ತಲಿನ ಕನ್ನಡ ಮನೆಗಳ ಮಕ್ಕಳೂ ಬಂದರು.

ವಿಜ್ಞಾನಿಯಲ್ಲವೇ, ಮೊದಲ ದಿನವೇ ಒಂದು ನಿಯಮ ಕಲಿಸಿದರು. "ತಮಿಳಿನ ಪಕಾರ ಕನ್ನಡದಲ್ಲಿ ಹಕಾರ. ಕೊನೆಗೊಂದು ಸ್ವರ ಸೇರಿಸಿ. ಪಾಲ್ ಹಾಲು, ಪಲ್ ಹಲ್ಲು."

"ರೀ, ಇದು ಎಲ್ಲ ಪದಕ್ಕೂ ಹೊಂದುವುದಿಲ್ಲ" ಎಂದೆ.

"ಅಪವಾದಗಳನ್ನು ಆಮೇಲೆ ನೋಡೋಣ ಕಣೇ."

ಅಂದಿನಿಂದ ಮಕ್ಕಳು ಹುಸ್ತಕ ಓದಿದರು, ಹರೀಕ್ಷೆ ಬರೆದರು, ಹಾಯಸ ಕುಡಿದರು. ತಮಿಳಿನಲ್ಲಿ ಅಜ್ಜಿಗೆ ಪಾಟಿ; ಮೊಮ್ಮಗಳಿಗೆ ಪಾಟಿಯಾಗಿದ್ದ ನಾನು ಹಾಟಿಯಾದೆ. ಅವಳು ಮಾತ್ರ ಬಿಡಿ ಪದಗಳನ್ನು ದಾಟಲಿಲ್ಲ. "ಇವಳು ನಾಲ್ಕು ಜನರ ಮುಂದೆ ಕನ್ನಡದಲ್ಲಿ ಮಾತಾಡಿದ ದಿನ ನನ್ನ ಸಂಶೋಧನೆ ಮುಗಿಯಿತು" ಎನ್ನುತ್ತಿದ್ದರು. ಆ ದಿನ ಬರುವ ಮೊದಲೇ ಹೋದರು. ಅಪವಾದಗಳ ಪಾಠವೂ ಉಳಿಯಿತು.

ಸಭೆಯಲ್ಲಿ ಇಲ್ಲಿಯ ಕನ್ನಡ ಸಂಘದ ಕಾರ್ಯದರ್ಶಿಗಳು ಪ್ರಕಟಣೆ ಓದಲು ಏಳುವಷ್ಟರಲ್ಲಿ ಮೊಮ್ಮಗಳು ಎದ್ದು ನಿಂತಳು. ಯಾರೂ ಅವಳನ್ನು ಕರೆದಿರಲಿಲ್ಲ.

"ಎಲ್ಲರಿಗೂ ನಮಸ್ಕಾರ. ನಮ್ಮ ತಾತ ದೊಡ್ಡ ವಿಜ್ಞಾನಿ. ಅವರಿಗೆ ತುಕ್ಕು ಅಂದರೆ ಇಷ್ಟ. ನಾನು ಅಂದರೆ ಇಷ್ಟ." ಉಸಿರು ತೆಗೆದುಕೊಂಡು ನನ್ನ ಕಡೆ ತಿರುಗಿ ಕೈಮುಗಿದಳು. "ಹಾಟಿ ಅಂದರೆ ತುಂಬಾ ಇಷ್ಟ. ನಮ್ಮ ಹಾಟಿಯಂಥ ಒಳ್ಳೆಯ ಹೆಣ ಈ ಊರಿನಲ್ಲೇ ಇಲ್ಲ."

ತಮಿಳಿನ ಪೆಣ್. ಪಕಾರಕ್ಕೆ ಹಕಾರ, ಕೊನೆಗೊಂದು ಸ್ವರ. ನಿಯಮವನ್ನು ಅವಳು ಚಾಚೂ ತಪ್ಪಿರಲಿಲ್ಲ.

ಮಗ ನೆಲ ನೋಡಿದ. ಕಾರ್ಯದರ್ಶಿಗಳು ಪ್ರಕಟಣೆಯ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದರು. "ತಪ್ಪಾ ಪಾಟಿ?" ಎಂದಳು ಮಗು, ಮತ್ತೆ ತಮಿಳಿಗೆ ಸರಿದು.

ಸಭೆಯಲ್ಲಿ ನಕ್ಕರೆ ಹಲ್ಲು ಕಾಣಬಾರದೆಂದು ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದರು. ಅಂದು ಕಂಡವು. ಇಡೀ ಹಜಾರ ನನ್ನೊಡನೆ ನಕ್ಕಿತು.

"ಹೆಣ್ಣು" ಎಂದು ತಿದ್ದಿದೆ. "ಣಕಾರಕ್ಕೆ ಒತ್ತು, ಕೊನೆಗೆ ಉಕಾರ. ಹೇಳು."

"ಹೆಣ್ಣು."

ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡು ಓದಲು ಎದ್ದರು.

"ಕುಳಿತುಕೊಳ್ಳಿ" ಎಂದೆ. "ಮುಂದಿನ ಭಾನುವಾರ ತರಗತಿ ಇದೆ. ಅಪವಾದಗಳ ಪಾಠ ಬಾಕಿ ಇದೆ."

"ಯಾರು ಕಲಿಸುತ್ತಾರೆ, ಅಮ್ಮಾ?"

"ಹೆಣವೇ ಕಲಿಸುತ್ತದೆ."

ಅಂದು ಇದ್ದವರು: ಮಗ ಮಹೇಶ, ಸೊಸೆ ಗಿರಿಜಾ, ಮೊಮ್ಮಗಳು ಇಳಾ, ಕಾರ್ಯದರ್ಶಿ ರುದ್ರಪ್ಪನವರು, ಎದುರು ಮನೆಯ ಅಲಮೇಲು ಮಾಮಿ, ತರಗತಿಯ ಮಕ್ಕಳು; ಗೋಡೆಯ ಮೇಲಿನ ಪಟದಲ್ಲಿ, ತಾವೇ ಆರಿಸಿ ತಂದಿದ್ದ ತುಕ್ಕು ಹಿಡಿಯದ ಮೊಳೆಯ ಆಸರೆಯಲ್ಲಿ, ಅವರು.