ಮೂಳೆ ಮುರಿಯದ ಅತ್ತೆ

ಅಜ್ಜಂಪುರದಲ್ಲಿ ನಮ್ಮ ಸೋದರತ್ತೆಯನ್ನು "ಕೈ ಹೇಗಿದೆ?" ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳಿದವರು ಒಂದೋ ಬೈಸಿಕೊಂಡು ಹೋಗುತ್ತಿದ್ದರು, ಇಲ್ಲವೇ ಮುದ್ದೆ ತಿರುವಿ ಹೋಗುತ್ತಿದ್ದರು. ಊರವರು ಅವಳನ್ನು ಸಿಡುಕಿ ಎಂದರು. ನನ್ನನ್ನು ಕೇಳಿದರೆ, ಅವಳು ಸಿಡುಕಿದ್ದು ಸಾಲದು.

ಐವತ್ತರ ದಶಕದ ಮಾತು. ನಾನಾಗ ಅತ್ತೆಯ ಮನೆಯಲ್ಲೇ ಇದ್ದು ಓದುತ್ತಿದ್ದೆ. ಗಾಡಿಯಿಂದ ಆಲೂಗೆಡ್ಡೆ ಇಳಿಸುವಾಗ ಒಂದು ಮೂಟೆ ಜಾರಿ ಅತ್ತೆಯ ಬಲಭುಜದ ಮೇಲೆ ಬಿತ್ತು. ಊತ ಹದಿನೈದು ದಿನದಲ್ಲಿ ಇಳಿಯಿತು. ನೋವು ಇಳಿಯಲಿಲ್ಲ. ಭುಜದಿಂದ ಕಿರುಬೆರಳಿನವರೆಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ. ಒಮ್ಮೊಮ್ಮೆ ಸೀರೆಯ ಸೆರಗು ತಗುಲಿದರೂ ಹಲ್ಲು ಕಚ್ಚುತ್ತಿದ್ದಳು.

ಮೊದಲು ಬಂದವನು ಉಳುಕು ತೆಗೆಯುವವನು. ಎಣ್ಣೆ ಹಚ್ಚಿ, ಹೇಳದೆ ಕೇಳದೆ ಕೈಯನ್ನು ಜಗ್ಗಿ ಎಳೆದ. ಅತ್ತೆ ಎಡಗೈಯಿಂದ ಅವನ ಕೆನ್ನೆಗೆ ಬಾರಿಸಿದಳು. ಅವನು ಕೆನ್ನೆ ಸವರಿಕೊಳ್ಳುತ್ತಾ ಮಾವನಿಗೆ, "ಯಜಮಾನ್ರೇ, ಈಯಮ್ಮಂಗೆ ಏನೂ ಆಗಿಲ್ಲ. ಕೈಯಾಗೆ ಒಳ್ಳೇ ಶಕ್ತಿ ಐತೆ" ಎಂದು ಹೇಳಿ ಹೋದ. ಮಾವ ಅದನ್ನೇ ನಂಬಿದ! ಹೊಡೆದದ್ದು ಯಾವ ಕೈ ಎಂದು ನೋಡುವಷ್ಟಾದರೂ ಕಣ್ಣು ಬೇಡವೇ ಮನುಷ್ಯನಿಗೆ?

ಆಮೇಲೆ ಕಡೂರಿನ ಒಬ್ಬ ಡಾಕ್ಟರು. ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿ ತರಿಸಿ, ಫಿಲ್ಮನ್ನು ಕಿಟಕಿಗೆ ಹಿಡಿದು, "ಮೂಳೆ ಮುರಿದಿಲ್ಲ. ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ" ಎಂದರು.

"ಸ್ವಾಮಿ, ಮೂಟೆ ಬಿದ್ದಿದ್ದು ಹೆಗಲ ಮೇಲೆ, ಮನಸ್ಸಿನ ಮೇಲಲ್ಲ" ಎಂದಳು ಅತ್ತೆ.

ಡಾಕ್ಟರು ಟಾನಿಕ್ ಬರೆದುಕೊಟ್ಟರು. ಕೈಗೋ ಬಾಯಿಗೋ, ಗೊತ್ತಾಗಲಿಲ್ಲ.

ಅಲ್ಲಿಂದ "ಮೂಳೆ ಮುರಿದಿಲ್ವಂತೆ" ಎನ್ನುವುದು ಮನೆಮಂದಿಗೆಲ್ಲ ಬಾಯಿಪಾಠವಾಯಿತು. ಮಾವ ಅಂದ, ಅವನ ತಂಗಿ ಅಂದಳು, ದೇವನೂರಿನಿಂದ ಬಂದ ಬೀಗರೂ ಅಂದರು. ಅತ್ತೆ ಆ ಬೀಗರ ಕೈಗೆ ಮುದ್ದೆ ಕೋಲು ಕೊಟ್ಟು ಒಲೆಯ ಮುಂದೆ ಕೂರಿಸಿದಳು. "ನಿಮ್ ಮೂಳೇನೂ ಮುರಿದಿಲ್ವಲ್ಲ, ತಿರುವಿ." ಬಿಳಿ ಜುಬ್ಬದ ಬೀಗರು ಬೆವರಿ, ಗಂಟುಗಂಟು ಮುದ್ದೆ ಮಾಡಿ, ಅದನ್ನು ತಾವೇ ನುಂಗಬೇಕಾಯಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ನೆನೆದರೆ ಈಗ ನನ್ನ ಮೇಲೇ ಮೈ ಉರಿಯುತ್ತದೆ. ದಿನಾ ಎರಡು ಹೊತ್ತು ಅಷ್ಟೂ ಜನಕ್ಕೆ ಅವಳು ಎಡಗೈಯಲ್ಲಿ ಮುದ್ದೆ ತಿರುವುತ್ತಿದ್ದಳು. ನಾವು ಉಂಡು ಎದ್ದು ಹೋಗುತ್ತಿದ್ದೆವು.

ಹೀಗೇ ಒಂಬತ್ತು ವರ್ಷ. ನನಗೆ ತರೀಕೆರೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಅಲ್ಲಿಗೆ ಹೊಸದಾಗಿ ಒಬ್ಬ ಲೇಡಿ ಡಾಕ್ಟರು ಬಂದಿದ್ದರು. ಅತ್ತೆಯನ್ನು ಕರೆದುಕೊಂಡು ಹೋದೆ. ಅವರು, "ಎಲ್ಲಿಂದ ಎಲ್ಲಿಗೆ ಉರಿಯುತ್ತೆ, ಬೆರಳಲ್ಲಿ ಗೆರೆ ಎಳೆದು ತೋರ್ಸಿ ಅಮ್ಮಾ" ಎಂದರು. ಆಮೇಲೆ ಭುಜದ ಒಂದು ಜಾಗವನ್ನು ಮೆಲ್ಲಗೆ ಒತ್ತಿದರು. ಅತ್ತೆ ಥಟ್ಟನೆ ಕಿರುಬೆರಳು ಹಿಡಿದುಕೊಂಡಳು.

"ಮೂಳೆ ಚೆನ್ನಾಗೇ ಇರಬಹುದು. ಪೆಟ್ಟು ಬಿದ್ದಿರೋದು ಮಾಂಸಕ್ಕೆ. ಅದು ಮಾಯುವಾಗ ಗಟ್ಟಿಯಾಗಿ ಒಳಗಿನ ನರವನ್ನ ಒತ್ತುತ್ತಿರಬಹುದು. ಪೂರ್ತಿ ವಾಸಿಯಾಗುತ್ತೆ ಅಂತ ಹೇಳಲಾರೆ. ಆದ್ರೆ ನಿಮ್ಮ ನೋವು ಸುಳ್ಳಲ್ಲ."

ಅತ್ತೆ ಯಾರನ್ನೂ ಬೈಯಲಿಲ್ಲ. ಊರಿಗೆ ಹೊರಟ ಬಸ್ಸಿನಲ್ಲಿ, "ಲೋ, ಆಯಮ್ಮ ಕೊನೇಲಿ ಏನಂದ್ರು?" ಎಂದಳು.

"ನಿನ್ ನೋವು ಸುಳ್ಳಲ್ಲ ಅಂದ್ರು ಕಣತ್ತೆ."

"ಇನ್ನೊಂದ್ಸಲ ಹೇಳು."

ಮೂರು ಸಲ ಹೇಳಿಸಿದಳು. ನಾಲ್ಕನೆಯ ಸಲ ನಾನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಹೆಗಲಿಗೊರಗಿ ನಿದ್ದೆ ಹೋಗಿದ್ದಳು.