ನಾಲ್ಕರಿಂದ ಆರರ ತನಕ ಬ್ಲೂಸ್

ಸುಗಂಧರಾಜದ ಹಾರ, ಊದುಬತ್ತಿಯ ಹೊಗೆ, ಅವೆರಡರ ಅಡಿಯಲ್ಲಿ ಹತ್ತಿಗಿರಣಿಯ ಎಣ್ಣೆಯ ಕಮಟು. ಹಾಲೇಶನಿಗೆ ಸಂಗೀತವೆಂದರೆ ಇಂದಿಗೂ ಮೂಗಿಗೆ ಬರುವುದು ಈ ವಾಸನೆಯೇ. ದಾವಣಗೆರೆಯ ಗಿರಣಿಯಲ್ಲಿ ಕೆಲಸಕ್ಕಿದ್ದ ಅವನ ಅಪ್ಪ ಪಾಂಡುರಂಗಪ್ಪ ಸಂಜೆ ಹೊತ್ತು ಭಜನಾ ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಮೇಳದಲ್ಲಿ ಹಾಡಿ ತೀರಿಕೊಂಡ ಹಿರಿಯರ ಫೋಟೋಗಳು ಒಂದು ತಗಡಿನ ಪೆಟ್ಟಿಗೆಯಲ್ಲಿದ್ದವು. ವರ್ಷಕ್ಕೊಮ್ಮೆ ಅವನ್ನು ಹೊರತೆಗೆದು, ಒರೆಸಿ, ಸಾಲಾಗಿ ಇಟ್ಟು, ಹಾರ ಹಾಕಿ, ಅವರ ಎದುರಿಗೆ ಕೂತು ಹಾಡುತ್ತಿದ್ದರು. ಎಂಟು ವರ್ಷದ ಹಾಲೇಶ ಅಪ್ಪನ ಅಂಗಿಗೆ ಮುಖ ಒತ್ತಿಕೊಂಡು ಕೇಳುತ್ತಿದ್ದ.

ಆ ಹಾರ, ಆ ಊದುಬತ್ತಿಯನ್ನು ವಡೋದರಾದ ಮಂಜಲ್‌ಪುರಕ್ಕೂ ತರಬೇಕೆಂದು ಅವನಿಗೆ ಅನ್ನಿಸಿದ್ದೇ ಆ ಭಾನುವಾರದ ಫಜೀತಿಗೆಲ್ಲ ಮೂಲ.

ಹಾಲೇಶನಿಗೆ ಈಗ ನಲವತ್ತಾರು. ಮಕರ್‌ಪುರಾದ ಪಂಪಿನ ಕಾರ್ಖಾನೆಯಲ್ಲಿ, ತಯಾರಾದ ಪಂಪು ಸೋರುತ್ತದೆಯೋ ಇಲ್ಲವೋ ನೋಡುವುದು ಅವನ ಕೆಲಸ. ಮದುವೆ ಹೇಗೋ ತಪ್ಪಿಹೋಗಿತ್ತು. ಬಸ್ಸು ತಪ್ಪಿದವರ ಹಾಗೆ ಸ್ವಲ್ಪ ಹೊತ್ತು ನಿಂತು ನೋಡಿ, ಆಮೇಲೆ ನಡೆದುಕೊಂಡೇ ಹೊರಟಿದ್ದ. ಜೊತೆಗಿದ್ದದ್ದು ಒಂದು ಗಿಟಾರು. ಕಾಲೇಜಿನಲ್ಲಿ ಯಾರೋ ಕೊಟ್ಟ ಕ್ಯಾಸೆಟ್ಟಿನಿಂದ ಅವನಿಗೆ ಬ್ಲೂಸ್ ಹಿಡಿದಿತ್ತು. ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದು ಬಸವಳಿದ ಕಪ್ಪು ಜನ ತಮ್ಮ ದುಃಖಕ್ಕೆ ತಾವೇ ಕಟ್ಟಿಕೊಂಡ ಹಾಡು ಅದು. ಅಲ್ಲಿ ಹತ್ತಿ ಬಿಡಿಸಿದವರು, ಇಲ್ಲಿ ಹತ್ತಿ ನೂತವರು, ಎಲ್ಲರೂ ಒಂದೇ ಮನೆಯವರೆಂದು ಅವನ ನಂಬಿಕೆ.

ಕೋಲ್ಕತ್ತದ ಒಂದು ಪುಟ್ಟ ರೆಕಾರ್ಡ್ ಕಂಪನಿಗೆ ಅವನು ಎರಡು ಸಲ ಹಾಡು ಕಳಿಸಿದ್ದ. ಎರಡನೇ ಸಲ ಅವರು ಬರೆದರು: "ನುಡಿಸುವುದು ಚೆನ್ನಾಗಿದೆ. ಆದರೆ ಖಾಲಿ ಮನೆಯಲ್ಲಿ ಒಬ್ಬರೇ ಮಾತಾಡಿಕೊಂಡ ಹಾಗಿದೆ. ಜನರ ಮುಂದೆ ಹಾಡಿ, ಅವರ ಸದ್ದೂ ಸೇರಿದಂತೆ ಕಳಿಸಿ. ಸೋಮವಾರದೊಳಗೆ ಬಂದರೆ ಆಲ್ಬಮ್ ಮಾಡುತ್ತೇವೆ." ಅದೇ ಹೊತ್ತಿಗೆ ಹಾಲೇಶನ ಎಡಗೈಯ ಉಂಗುರದ ಬೆರಳು ಮಡಚಿದರೆ ಬಿಚ್ಚಿಕೊಳ್ಳದ ಹಾಗಾಗಿತ್ತು. ಇಂಜೆಕ್ಷನ್ ಕೊಟ್ಟ ಡಾಕ್ಟರು, ಒಂದು ವಾರ ತಡೆಯಬಹುದು, ಆಮೇಲೆ ಆಪರೇಷನ್, ಮತ್ತೆ ಗಿಟಾರು ಹಿಡಿಯುವ ಮಾತು ದೇವರಿಗೆ ಬಿಟ್ಟಿದ್ದು ಎಂದಿದ್ದರು. ಹೀಗಾಗಿ ಹಾಲೇಶನ ಪಾಲಿಗೆ ಉಳಿದಿದ್ದು ಅದೊಂದೇ ಭಾನುವಾರ.

ತೀರಿಹೋದ ಐವರು ಹಳೆಯ ಬ್ಲೂಸ್ ಹಾಡುಗಾರರಿಗೆ ಒಂದೊಂದು ಹಾಡಿನ ಕಾಣಿಕೆ, ಜನರ ಎದುರು, ಒಂದೇ ಬಾರಿಗೆ. ಇದು ಆಲ್ಬಮ್ಮಿನ ಯೋಜನೆ. ಐವರ ಕಪ್ಪುಬಿಳುಪು ಫೋಟೋಗಳನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಶುಕ್ರವಾರ ಅವನ್ನು ಹೊತ್ತುಕೊಂಡು ತಾನಿದ್ದ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ಮುಕುಂದಭಾಯಿಯ ಮನೆಗೆ ಹೋದ.

ಸೊಸೈಟಿಯ ಕಮ್ಯುನಿಟಿ ಹಾಲ್ ಭಾನುವಾರ ನಾಲ್ಕರಿಂದ ಆರರ ತನಕ ಮಾತ್ರ ಸಿಗುತ್ತಿತ್ತು. ಆರೂವರೆಗೆ ಒಂದು ಮಗುವಿನ ಹುಟ್ಟುಹಬ್ಬ.

"ಈ ಐವರೂ ನನಗೆ ತಂದೆ ಇದ್ದ ಹಾಗೆ, ಮುಕುಂದಭಾಯಿ" ಎಂದು ಹಾಲೇಶ ತನ್ನ ಮುರುಕು ಹಿಂದಿಯಲ್ಲಿ ಹೇಳಿದ. "ಒಬ್ಬರೂ ಈಗ ಇಲ್ಲ. ಅವರ ನೆನಪಿಗೆ ಐದು ಹಾಡು ಹಾಡ್ತೀನಿ. ಜನ ಬರಬೇಕು. ಗ್ರೂಪಿಗೆ ಗುಜರಾತಿಯಲ್ಲಿ ಒಂದು ಮೆಸೇಜು ಹಾಕಿ."

ಮುಕುಂದಭಾಯಿ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಒಬ್ಬರೂ ಉಳಿದಿಲ್ಲವಾ?"

"ಇಲ್ಲ ಭಾಯಿ."

"ನೀವು ಏನೂ ಯೋಚನೆ ಮಾಡಬೇಡಿ. ಇಂಥ ಮೆಸೇಜು ಹಾಕಿ ನನಗೆ ರೂಢಿ ಇದೆ. ಈ ತಿಂಗಳಲ್ಲೇ ಮೂರು ಹಾಕಿದ್ದೀನಿ. ಹಾಲ್‌ನ ವ್ಯವಸ್ಥೆಯೆಲ್ಲ ನನಗೆ ಬಿಡಿ."

ಮೆಸೇಜು ಹಾಲೇಶನ ಫೋನಿಗೂ ಬಂತು. ಹನ್ನೆರಡು ವರ್ಷ ಗುಜರಾತಿನಲ್ಲಿದ್ದರೂ ಅವನಿಗೆ ಓದಲು ಬರುತ್ತಿದ್ದದ್ದು ಬಸ್ಸಿನ ನಂಬರು ಮಾತ್ರ. ಕೆಳಗೆ ಮೂವತ್ತು ಜನ ಕೈಮುಗಿದ ಚಿತ್ರ ಹಾಕಿದ್ದರು. ಸಂಗೀತಕ್ಕೆ ಇಷ್ಟೊಂದು ಗೌರವವೇ ಎಂಬ ಸಂಭ್ರಮದಲ್ಲಿ ಅವನಿಗೆ ಆ ದಿನ ಸರಿಯಾಗಿ ಊಟ ಸೇರಲಿಲ್ಲ.

ಭಾನುವಾರ ಬೆಳಗಿನ ರೈಲಿಗೆ ಅಹಮದಾಬಾದಿನಿಂದ ಸತ್ಯಪ್ರಕಾಶ ಬಂದ. ಹಾಸನದ ಕಡೆಯವನು, ಬೋಡಕ್‌ದೇವ್‌ನಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡಿದ್ದ. ಮಾತು ಕಡಿಮೆ. ಕೇಳುವುದೇ ಕಸುಬಾದವರಿಗೆ ಬಾಯಿ ಅಷ್ಟಾಗಿ ಬೇಕಾಗುವುದಿಲ್ಲ. ಹಾಡಿಗೆ ಮೂರು ಮೈಕು ಇಟ್ಟು, ಜನರ ಕಡೆ ಮುಖ ಮಾಡಿ ಎರಡು ಇಟ್ಟ.

"ಇವೆರಡು ಚಪ್ಪಾಳೆಗೆ ಸಾರ್."

"ಅದೇ ಮುಖ್ಯ ನೋಡಪ್ಪ. ನನ್ನ ದನಿ ಹೋದರೂ ಪರವಾಗಿಲ್ಲ, ಜನರ ಸದ್ದು ಹೋಗಬಾರದು."

ಮೌತ್ ಆರ್ಗನ್ ನುಡಿಸಲು ಬಂದವಳು ಅರ್ಚಿತಾ, ಹಾಲೇಶನ ಕಾರ್ಖಾನೆಯಲ್ಲೇ ಟ್ರೈನಿ. ಅಹಮದಾಬಾದಿನ ಮಣಿನಗರದಲ್ಲಿ ಹುಟ್ಟಿ ಬೆಳೆದವಳು. ಮನೆಯಲ್ಲಿ ಕನ್ನಡ ಕೇಳುತ್ತಿದ್ದಳು, ಆಡುವಾಗ ಅದು ಕುಂಟುತ್ತಿತ್ತು.

"ಅಂಕಲ್, ಚೇರ್ಸ್ ಎಲ್ಲ ಎಲ್ಲಿ ಹೋಯ್ತು?"

ಕುರ್ಚಿಗಳು ಹೊರಗೆ ಹೋಗಿ, ನೆಲದ ಮೇಲೆ ಗೋಡೆಯಿಂದ ಗೋಡೆಗೆ ಬಿಳಿ ಚಾದರ ಹಾಸಿತ್ತು. ಐದು ಫೋಟೋಗಳ ಮುಂದೆ ತಟ್ಟೆಯಲ್ಲಿ ಗುಲಾಬಿ ಎಸಳು ಬಂದಿತ್ತು. ಹಾಲೇಶನ ಹಾರಗಳ ಜೊತೆಗೆ ಮುಕುಂದಭಾಯಿ ತಮ್ಮ ಕಡೆಯಿಂದ ಒಂದು ದೀಪವನ್ನೂ ಹಚ್ಚಿಟ್ಟಿದ್ದರು.

"ಬೈಠಕ್ ಥರ ಮಾಡ್ಯಾರೆ. ನಮ್ಮಪ್ಪನ ಮೇಳದಾಗೂ ಹಿಂಗೇ ಇರ್ತಿತ್ತು" ಎಂದು ಹಾಲೇಶ ಕಣ್ಣೊರೆಸಿಕೊಂಡ. ಬಂದವರಿಗೆಂದು ಹೇಳಿಟ್ಟಿದ್ದ ಸಮೋಸ, ಚಹಾವನ್ನು ಮುಕುಂದಭಾಯಿ ಗೇಟಿನಲ್ಲೇ ವಾಪಸು ಕಳಿಸಿದ್ದು ಮಾತ್ರ ಅವನಿಗೆ ಅರ್ಥವಾಗಲಿಲ್ಲ. "ಇವತ್ತು ಇದನ್ನೆಲ್ಲ ಯಾರೂ ಮುಟ್ಟುವುದಿಲ್ಲ ಭಾಯಿ" ಎಂದು ಅವರು ಬೆನ್ನು ಸವರಿ ಹೋದರು.

ನಾಲ್ಕು ಹೊಡೆಯಿತು. ಹಾಲ್‌ನ ತುಂಬ ಬೆಳ್ಳಕ್ಕಿ ಇಳಿದ ಹಾಗಾಯಿತು. ಗಂಡಸರೆಲ್ಲ ಬಿಳಿ ಅಂಗಿ, ಹೆಂಗಸರೆಲ್ಲ ಬಿಳಿ ಸೀರೆ. ಚಪ್ಪಲಿ ಸಾಲಾಗಿ ಬಿಟ್ಟು, ಫೋಟೋಗಳಿಗೆ ಎಸಳು ಹಾಕಿ, ಹಾಲೇಶನ ಕಡೆ ಕೈಮುಗಿದು, ಗಂಡಸರು ಈ ಕಡೆ, ಹೆಂಗಸರು ಆ ಕಡೆ ಸದ್ದಿಲ್ಲದೆ ಕೂತರು.

"ನೋಡಿದೇನಮ್ಮ? ಕಂಪನಿ ಫಂಕ್ಷನ್ನಿಗೆ ಹಿಂಗೆ ಟೈಮಿಗೆ ಬಂದೋರು ಯಾರದಾರೆ?"

ಅರ್ಚಿತಾ ಏನೋ ಹೇಳಹೊರಟಳು. ಅಷ್ಟರಲ್ಲಿ ಹಾಲೇಶ ಮೊದಲ ಹಾಡು ಎತ್ತಿಕೊಂಡುಬಿಟ್ಟಿದ್ದ.

ಅದು ಕಾಲು ಕುಟ್ಟಿ ಹಾಡುವ ಹಾಡು. ರೈಲು ತಪ್ಪಿಸಿಕೊಂಡವನ ಕತೆ. ಹಾಲೇಶ ಹಣೆಯ ನರ ಉಬ್ಬುವ ಹಾಗೆ ಹಾಡಿ, ಕೊನೆಯ ತಂತಿ ಮೀಟಿ, ಕಾದ. ಚಪ್ಪಾಳೆಗೆಂದು ಇಟ್ಟ ಮೈಕುಗಳಿಗೆ ಸಿಕ್ಕಿದ್ದು ಫ್ಯಾನಿನ ಕಿರುಗುಟ್ಟುವಿಕೆ, ಯಾರೋ ಮೂಗೆಳೆದದ್ದು. ಜನಕ್ಕೆ ಸಂಕೋಚವಿರಬೇಕೆಂದು ಅವನೇ ಎರಡು ಸಲ ತಟ್ಟಿ ತೋರಿಸಿದ. ಮುಂದೆ ಕೂತಿದ್ದ ಮುದುಕರೊಬ್ಬರು ಬೆಚ್ಚಿ ಪಕ್ಕದವರನ್ನು ನೋಡಿದರು.

"ಐದೂ ಜನ ಒಟ್ಟಿಗೆ ಹೋದರಾ?"

"ಗಾಡಿ ಆಕ್ಸಿಡೆಂಟ್ ಇರಬೇಕು. ತಲೆ ಸ್ವಲ್ಪ ಕೆಟ್ಟಿದೆ ಪಾಪ. ನೋಡಿ, ಮೈಕು ಹಿಡ್ಕೊಂಡು ಅಳ್ತಿದ್ದಾನೆ."

ಗುಜರಾತಿಯ ಈ ಪಿಸುಮಾತು ಹಾಲೇಶನಿಗೆ ತಿಳಿಯಲಿಲ್ಲ. ತಿಳಿದ ಅರ್ಚಿತಾ ಮೌತ್ ಆರ್ಗನ್ನನ್ನು ಬಾಯಿಂದ ತೆಗೆಯಲು ಮರೆತಳು. ಅದು ತಾನಾಗಿ ಸಣ್ಣದೊಂದು ಸ್ವರ ಬಿಟ್ಟಿತು.

ಎರಡನೇ ಹಾಡಿನ ನಡುವೆ ಮೊದಲ ಸಾಲಿನವರು ಎದ್ದು, ಕೈಮುಗಿದು, ಹೊರಟೇಬಿಟ್ಟರು. ಹತ್ತು ಜನ ಹೋದರೆ ಹನ್ನೆರಡು ಜನ ಬಂದು ಕೂರುತ್ತಿದ್ದರು, ನಲ್ಲಿಯ ಮುಂದಿನ ಕೊಡಗಳ ಹಾಗೆ. ಯಾರದೋ ಫೋನು ಆರತಿಯ ಹಾಡು ಹಾಡಿತು.

ಹಾಡು ಮುಗಿದಾಗ ಮೊದಲನೇ ಮಹಡಿಯ ಹಂಸಾಬೆನ್ ಬಂದರು. ನಿವೃತ್ತ ಟೀಚರು, ಒಂಟಿ ಹೆಂಗಸು. ಮೂರನೇ ಫೋಟೋದ ಮುಂದೆ ಬಹಳ ಹೊತ್ತು ನಿಂತು, ಹಿಂದಿಯಲ್ಲಿ ಕೇಳಿದರು.

"ಕಣ್ಣು ಥೇಟ್ ನಿಮ್ಮದೇ ಭಾಯಿ. ದೊಡ್ಡಪ್ಪನಾ?"

ಹಾಲೇಶನಿಗೆ ಅಂದು ಸಿಕ್ಕ ಮೊದಲ ಮೆಚ್ಚುಗೆ ಅದು. "ಇವರನ್ನೇ ನೋಡಿಕೊಂಡು ಬೆಳೆದೆ ಬೆನ್" ಎಂದ.

ಅರ್ಚಿತಾ ಇನ್ನು ತಡೆಯಲಿಲ್ಲ. ಅವನ ತೋಳು ಹಿಡಿದು ಗೋಡೆಯ ಕಡೆ ಎಳೆದಳು.

"ಅಂಕಲ್, ಇದು ಕನ್ಸರ್ಟ್ ಅಲ್ಲ. ಇದು ಬೇಸಣು."

"ಅಂದ್ರೇನವ್ವ?"

"ನಮ್ಮ ಕಡೆ, ಐ ಮೀನ್, ಇಲ್ಲಿ ಯಾರಾದ್ರೂ ಸತ್ತೋದ್ರೆ ಒಂದು ಟೈಮ್ ಕೊಡ್ತಾರೆ. ಫೋಟೋಗೆ ಹಾರ ಹಾಕಿ ಮನೆಯವರು ಕೂತ್ಕೋತಾರೆ. ಎಲ್ಲರೂ ವೈಟ್ ಹಾಕ್ಕೊಂಡು ಬಂದು, ಹತ್ತು ನಿಮಿಷ ಸೈಲೆಂಟ್ ಕೂತು ಹೋಗ್ತಾರೆ. ಚಪ್ಪಾಳೆ ಹೊಡೆಯಲ್ಲ. ಟೀ ಕುಡಿಯಲ್ಲ. ನೋಡಿ ಇದು." ಅವಳು ಅವನದೇ ಫೋನು ಹಿಡಿದು ಓದಿ ಅರ್ಥ ಹೇಳಿದಳು. "'ಬಹಳ ದುಃಖದಿಂದ ತಿಳಿಸುವುದು. ನಮ್ಮ ಹಾಲೇಶಭಾಯಿಯವರ ಕುಟುಂಬದ ಐವರು ಹಿರಿಯರು ಸ್ವರ್ಗಸ್ಥರಾಗಿದ್ದಾರೆ. ಬೇಸಣು ಭಾನುವಾರ ನಾಲ್ಕರಿಂದ ಆರು.'"

ಹಾಲೇಶ ಹಾರಗಳನ್ನು ನೋಡಿದ. ಊರಿನಲ್ಲಿ ಹಾರ ಹಾಕಿದ ಫೋಟೋ ಎಂದರೆ ಇನ್ನು ಹಾಡು ಶುರುವಾಗುತ್ತದೆ ಎಂದು ಜನ ಹತ್ತಿರ ಸರಿದು ಕೂರುತ್ತಿದ್ದರು.

"ಹೇಳಿಬಿಡ್ತೀನಿ. ನಿಜ ಹೇಳಿ ಚಪ್ಪಾಳೆ ಕೇಳ್ತೀನಿ. ಇನ್ನೂ ಮೂರು ಹಾಡು ಐತೆ. ನಾಳೆ ಕಳಿಸಬೇಕಲ್ಲವ್ವ."

ಮೈಕಿನ ಮುಂದೆ ಹೋಗಿ ಗಂಟಲು ಸರಿಮಾಡಿಕೊಂಡ. ಸತ್ಯಪ್ರಕಾಶನ ಪಕ್ಕದಲ್ಲಿ ಮುಕುಂದಭಾಯಿ ಬಗ್ಗಿ ಏನೋ ಹೇಳುತ್ತಿದ್ದರು. ಹಾಲೇಶ "ನೋಡಿ, ಒಂದು ತಪ್ಪಾಗಿದೆ" ಎನ್ನುವಷ್ಟರಲ್ಲಿ ಹೆಂಗಸರ ಸಾಲಿನಿಂದ ಹಂಸಾಬೆನ್ ಎದ್ದುನಿಂತರು.

"ನಾನೊಂದು ಮಾತು ಹೇಳಲಾ ಭಾಯಿ? ಕೊರೊನಾ ವರ್ಷ ನಮ್ಮವರು ಹೋದರು. ಯಾರೂ ಬರೋ ಹಾಗಿರಲಿಲ್ಲ. ಬೇಸಣು ಫೋನಿನಲ್ಲೇ ಆಯಿತು. ನಾಲ್ಕರಿಂದ ಆರು ಫೋನು ತೊಡೆ ಮೇಲಿಟ್ಟುಕೊಂಡು ಕೂತಿದ್ದೆ. ಹದಿನೇಳು ಜನ ಫೋನು ಮಾಡಿದರು. ಎಲ್ಲರಿಗೂ ಚೆನ್ನಾಗಿದ್ದೀನಿ ಅಂದೆ." ಅವರು ಸೆರಗಿನ ತುದಿಯನ್ನು ಮಡಚಿದರು, ಬಿಚ್ಚಿದರು. "ಒಬ್ಬರ ಎದುರಿಗೆ ಕೂತು ಅತ್ತಿರಲಿಲ್ಲ. ನಿಮ್ಮ ಹಾಡಿನ ಭಾಷೆ ನನಗೆ ಬರಲ್ಲ. ಆದರೂ ಇನ್ನೊಂದು ಹಾಡಿ."

ಹಾಲೇಶ ಹೇಳಬೇಕೆಂದಿದ್ದನ್ನು ಬಿಟ್ಟು, ಕೂತು ಗಿಟಾರು ತೊಡೆಗೆ ಎಳೆದುಕೊಂಡ.

ಮೂರನೇ ಹಾಡನ್ನು ಕಾಲು ಕುಟ್ಟದೆ ಹಾಡಿದ. ಜನ ಮೆಚ್ಚಲಿ ಎಂಬ ಆಸೆ ಬಿಟ್ಟುಹೋದ ಮೇಲೆ ಅವನ ದನಿ ಹಗುರಾಗಿ, ತಗ್ಗಿಗೆ ಇಳಿಯುವ ನೀರಿನ ಹಾಗೆ ತಾನೇ ಹರಿಯಿತು. ಅರ್ಚಿತಾಳ ಮೌತ್ ಆರ್ಗನ್ ಅದರ ಹಿಂದೆ ನಡೆದುಬಂತು. ಹಂಸಾಬೆನ್ ಅತ್ತರು. ಪಕ್ಕದವರು ಅವರ ಕೈ ಹಿಡಿದುಕೊಂಡರು. ಆಮೇಲೆ ಗಂಡಸರ ಸಾಲಿನಲ್ಲೂ ಒಬ್ಬರು ಮುಖ ಮುಚ್ಚಿಕೊಂಡರು. ಹತ್ತು ನಿಮಿಷಕ್ಕೆ ಏಳಬೇಕಾದವರು ಏಳಲಿಲ್ಲ. ನಾಲ್ಕನೆಯದಕ್ಕೆ ಯಾರೋ ಮೆಲ್ಲಗೆ ಗುನುಗಿದರು, ಐದನೆಯದಕ್ಕೆ ಅರ್ಧ ಹಾಲ್ ಗುನುಗುತ್ತಿತ್ತು. ಕೊನೆಯ ಸ್ವರದ ಮೇಲೆ ಹಾಲೇಶನ ಬೆರಳು ಸಿಕ್ಕಿಕೊಂಡು ನಿಂತಿತು. ಇನ್ನೊಂದು ಕೈಯಿಂದ ಅದನ್ನು ಬಿಡಿಸಿ ತಲೆಯೆತ್ತಿದರೆ ಎಲ್ಲರೂ ಎದ್ದುನಿಂತು ಕೈಮುಗಿದಿದ್ದರು.

ಚಪ್ಪಾಳೆ ಇರಲಿಲ್ಲ. ಅದು ಬೇಕಾಗಿಯೂ ಇರಲಿಲ್ಲ. ಇಂಥ ಸದ್ದು ಯಾವ ಆಲ್ಬಮ್ಮಿನಲ್ಲೂ ಇಲ್ಲವೆಂದು ಅವನಿಗೆ ಖಚಿತವಾಯಿತು. ಖಾಲಿ ಮನೆ ಎಂದವರು ಇದನ್ನೊಮ್ಮೆ ಕೇಳಲಿ.

ಮುಕುಂದಭಾಯಿ ಬಂದು ಎರಡೂ ಕೈ ಹಿಡಿದುಕೊಂಡರು. "ಎಂಥ ಬೇಸಣು ಭಾಯಿ. ಸೂರತ್‌ನಲ್ಲಿ ನಮ್ಮ ಮಾವ ಇದ್ದಾರೆ. ಡಾಕ್ಟರು ಎರಡು ವಾರ ಅಂದಿದ್ದಾರೆ. ಆ ಭಾನುವಾರ ನೀವು ಬೇರೆ ಯಾರಿಗೂ ಒಪ್ಪಿಕೊಳ್ಳಬೇಡಿ. ಮಾವನಿಗೂ ಹೇಳಿಟ್ಟಿರುತ್ತೀನಿ, ಖುಷಿಪಡುತ್ತಾರೆ."

ಹಾಲೇಶ ತಲೆಯಾಡಿಸಿ ಸತ್ಯಪ್ರಕಾಶನ ಹತ್ತಿರ ಓಡಿದ. ಅವನು ಆಗಲೇ ವೈರು ಸುತ್ತುತ್ತಿದ್ದ.

"ಹೆಂಗೆ ಬಂದೈತಪ್ಪ? ಕೊನೇ ಮೂರು?"

"ಮೊದಲಿನ ಎರಡು ಇದೆ ಸಾರ್."

"ಅದಿರ್ಲಿ, ಕೊನೇ ಮೂರು?"

ಸತ್ಯಪ್ರಕಾಶ ವೈರನ್ನು ಕೆಳಗಿಟ್ಟ. "ಆಫ್ ಮಾಡ್ಬಿಟ್ಟೆ ಸಾರ್. ಫೋನಲ್ಲಿ ನೀವು ಹಳೇ ಹಾಡುಗಾರರು ಅಂದಿದ್ರಿ, ಹಾಗೇ ಅಂದ್ಕೊಂಡಿದ್ದೆ. ಸೆಕ್ರೆಟರಿ ಬಂದು ಹೇಳಿದ್ಮೇಲೆ ಗೊತ್ತಾಯ್ತು, ನಿಮ್ಮ ಮನೆಯವರು ಅಂತ. ಅಷ್ಟರಲ್ಲಿ ಆ ಅಮ್ಮನೂ ಎದ್ದು ಅವರ ಯಜಮಾನರು ಹೋದದ್ದನ್ನ ಹೇಳೋಕೆ ಶುರು ಮಾಡಿದ್ರು. ನಮ್ಮಮ್ಮ ಹೋದ ದಿನ ಯಾರೋ ಮೊಬೈಲ್ ಹಿಡ್ಕೊಂಡು ನಿಂತಿದ್ರು ಸಾರ್. ನಾನು ಅದನ್ನ ಇನ್ನೂ ಮರೆತಿಲ್ಲ. ಅಳೋರನ್ನ ಕೇಳದೆ ಟೇಪ್ ಮಾಡೋಕೆ ನನ್ನ ಕೈ ಬರಲಿಲ್ಲ."

ಹಾಲೇಶ ಬೈಯಲು ಬಾಯಿ ತೆರೆದ. ಎದುರಿಗಿದ್ದವನ ಕಣ್ಣುಗಳು ಕೆಂಪಾಗಿದ್ದವು.

"ಐದು ಜನ ಸಾರ್" ಎಂದ ಸತ್ಯಪ್ರಕಾಶ. "ಇಷ್ಟು ದೊಡ್ಡ ದುಃಖ ಇಟ್ಕೊಂಡು ಬೆಳಗ್ಗೆಯಿಂದ ಒಂದು ಮಾತು ಹೇಳಲಿಲ್ಲ ನೀವು."

ಬಾಗಿಲಲ್ಲಿ ಹುಟ್ಟುಹಬ್ಬದ ಬಲೂನುಗಳು ಬಂದು ನಿಂತಿದ್ದವು. ಹಾಲೇಶ ಮತ್ತು ಅರ್ಚಿತಾ ಐದು ಫೋಟೋಗಳನ್ನು ಎದೆಗೆ ಅವುಚಿಕೊಂಡು ಬಲೂನುಗಳ ನಡುವೆ ದಾರಿ ಮಾಡಿಕೊಂಡು ಹೊರಬಂದರು. ಒಂದು ಹಳದಿ ಬಲೂನು ಮೂರನೇ ಫೋಟೋದ ಹಾರಕ್ಕೆ ಸಿಕ್ಕಿ ಟಪ್ ಎಂದು ಒಡೆಯಿತು. ಒಳಗೆ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಹಾಲೇಶ ಇದ್ದ ಎರಡು ಹಾಡನ್ನು ಕೇಳಿದ. ಫ್ಯಾನು, ಮೂಗೆಳೆದದ್ದು, ಆರತಿ, ಅವನದೇ ಎರಡು ಚಪ್ಪಾಳೆ. ಕಿವಿಯಿಂದ ಹೆಡ್‌ಫೋನು ತೆಗೆದಿಟ್ಟ. ಕೋಲ್ಕತ್ತಕ್ಕೆ ಬರೆಯಲು ಒಂದು ಸಾಲೂ ಹೊಳೆಯಲಿಲ್ಲ. ಹೊರಗೆ ದೀಪ ಹತ್ತುವ ಹೊತ್ತಾಗಿತ್ತು.

ಬಾಗಿಲು ಬಡಿದ ಸದ್ದಾಯಿತು.

ಹಂಸಾಬೆನ್ ನಿಂತಿದ್ದರು. ಮುಖ ತೊಳೆದು, ಬೇರೆ ಸೀರೆ ಉಟ್ಟಿದ್ದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಇಲ್ಲಿ ನೆರೆಯವರೇ ಖಿಚಡಿ, ಕಢಿ ಮಾಡಿ ತರುತ್ತಾರೆ.

"ಬೆನ್, ನಿಮಗೆ ಒಂದು ವಿಷಯ ಹೇಳಬೇಕು" ಎಂದ ಹಾಲೇಶ. "ಆ ಐದು ಜನ..."

ಅವರು ಈಗ ಬೇಡವೆಂಬಂತೆ ತಲೆಯಾಡಿಸಿದರು. ಬಿಸಿ ತಾಗದಿರಲೆಂದು ಟವೆಲ್ಲು ಸುತ್ತಿದ್ದ ಸ್ಟೀಲ್ ಡಬ್ಬಿಯನ್ನು ಅವನ ಎರಡೂ ಕೈಗೆ ಇಟ್ಟು, ಅವನು ಸರಿಯಾಗಿ ಹಿಡಿದುಕೊಳ್ಳುವ ತನಕ ತಮ್ಮ ಕೈ ಬಿಡದೆ ನಿಂತರು.