ನಮ್ಮ ಮನೆಯವರದು

ಪಂಪು ಕಂಪನಿಯ ಮಾರಾಟ ವಿಭಾಗದ ಮ್ಯಾನೇಜರು ಮಧ್ಯಾಹ್ನದ ಊಟ ಮುಗಿಸಿ ಕುರ್ಚಿಯಲ್ಲೇ ಕಣ್ಣು ಮುಚ್ಚಿದರೆಂದರೆ ಅವರ ತಲೆಯ ಮೇಲಿನ ಚಾವಣಿ ಮಾಯವಾಗುತ್ತಿತ್ತು. ಮೊದಲು ಫ್ಯಾನು ಹೋಗುತ್ತಿತ್ತು, ಆಮೇಲೆ ಟ್ಯೂಬ್‌ಲೈಟು, ಆಮೇಲೆ ಮೇಲಿನ ಮಹಡಿಯ ಲೆಕ್ಕಪತ್ರ ವಿಭಾಗ ಇಡಿಯಾಗಿ. ಉಳಿಯುತ್ತಿದ್ದದ್ದು ಬರೀ ಆಕಾಶ, ಕೆರೆಯ ಪಕ್ಕದ ಖಾಲಿ ರಸ್ತೆ, ಮತ್ತು ಒಂದು ಪುಟಾಣಿ ಕೆಂಪು ಕಾರು. ಮೇಲೆ ಮುಚ್ಚಳವಿಲ್ಲದ, ಇಬ್ಬರೇ ಕೂರುವ, ಹೊಟ್ಟೆ ನೆಲಕ್ಕೆ ತಾಗುವುದೋ ಎಂಬಂತೆ ಓಡುವ ಕಾರು. ಅದನ್ನು ಓಡಿಸುತ್ತಿದ್ದವರು ಸಾಕ್ಷಾತ್ ಮ್ಯಾನೇಜರೇ. ಗಾಳಿ ಅವರ ಕೂದಲಲ್ಲಿ ಮೆಲ್ಲಗೆ ಕೈಯಾಡಿಸುತ್ತಿತ್ತು. (ಎಚ್ಚರದಲ್ಲಿ ಅವರ ತಲೆಯೂ ಎಂದೋ ಮುಚ್ಚಳ ಕಳೆದುಕೊಂಡಿತ್ತು. ಆದರೆ ಪುಕ್ಕಟೆ ಸಿಗುವ ಕನಸನ್ನು ಬೋಳುತಲೆಯಲ್ಲೇ ಕಾಣಬೇಕೆಂಬ ಕರ್ಮ ಯಾರಿಗಿದೆ?)

ಕಷ್ಟವಿದ್ದದ್ದು ಕಾರಿನ ಲಿಂಗದಲ್ಲಿ. ವ್ಯಾಕರಣದ ಪ್ರಕಾರ ಕಾರು ನಪುಂಸಕಲಿಂಗ. ಅದು ಬರುತ್ತದೆ, ಅದು ಹೋಗುತ್ತದೆ, ತಕರಾರಿಲ್ಲ. ಆದರೆ ಆಫೀಸಿನ ವ್ಯಾಕರಣವೇ ಬೇರೆ. ಅದರ ಕರ್ತೃ ಮೀಸೆ. ಮೀಸೆ ಎಂದರೆ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು. ಯಾವ ಬಾಗಿಲಿನಿಂದ ಬಂದರೂ ಮೊದಲು ಮೀಸೆ ಬಂದು ಆಮೇಲೆ ಅವರು ಬರುತ್ತಿದ್ದುದರಿಂದ ಆ ಹೆಸರು. ಅವರ ಕಾರಿನೊಳಕ್ಕೆ ಹತ್ತಬೇಕಾದರೆ ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ಜೀವ ಹಿಡಿದುಕೊಳ್ಳಬೇಕಿತ್ತು.

"ಗಂಡಸಿನ ಗಾಡಿ ಅಂದ್ರೆ ಹೀಗಿರ್ಬೇಕು ಸಾರ್. ಎದುರಿಗೆ ಬಂದೋನ ಎದೆ ಧಸಕ್ ಅನ್ಬೇಕು" ಎನ್ನುತ್ತಿದ್ದರು ಮೀಸೆ. "ಮೇಲ್ಗಡೆ ತೆರೆದಿರೋ ಪುಟಾಣಿ ಕಾರುಗಳಿವೆಯಲ್ಲ, ಅವು ಹೆಂಗಸರಿಗೆ. ಲಿಪ್‌ಸ್ಟಿಕ್‌ಗೆ ಮ್ಯಾಚ್ ಆಗ್ಲಿ ಅಂತ ಮಾಡಿರೋದು."

"ಗಂಡಸರು ಓಡಿಸೋದೇ ಇಲ್ವೇ?" ಎಂದು ಮ್ಯಾನೇಜರು ಟೀ ಊದುತ್ತಾ, ಏನೂ ಗೊತ್ತಿಲ್ಲದವರಂತೆ ಕೇಳಿದರು.

"ಓಡಿಸ್ತಾರೆ ಸಾರ್. ಬ್ಯೂಟಿ ಪಾರ್ಲರ್ ಇಟ್ಕೊಂಡಿರೋರು."

ಎಲ್ಲರೂ ನಕ್ಕರು. ಮ್ಯಾನೇಜರು ಎಲ್ಲರಿಗಿಂತ ಜೋರಾಗಿ ನಕ್ಕರು. ಆದರೆ ಒಳಗೆ ಕೆರೆಯ ಪಕ್ಕದ ರಸ್ತೆ ಒಂದು ಮಾರು ಕುಸಿದಂತಾಯಿತು.

ಹಾಗೆಂದು ಆಸೆ ಕುಸಿಯಿತೇ? ಒಂದು ಶನಿವಾರ "ಸುಮ್ಮನೆ ನೋಡಿ ಬರೋಣ" ಎಂದು ಅವರು ಶೋರೂಮಿಗೆ ಹೋದರು. ಸುಮ್ಮನೆ ನೋಡಲು ಹೋದವರ ಗತಿ ನಿಮಗೆ ತಿಳಿಯದ್ದಲ್ಲ. ಅಲ್ಲಿ ಕನಸಿನ ಕಾರು ಕನಸಿನ ಬಣ್ಣದಲ್ಲೇ ನಿಂತಿತ್ತು. ಅವರು ಅದರೊಳಗೆ ಇಳಿದು ಕೂತರು (ಈ ಕಾರಿಗೆ ಹತ್ತುವುದಿಲ್ಲ, ಬಾವಿಗೆ ಇಳಿದಂತೆ ಇಳಿಯಬೇಕು), ಒಂದು ಗುಂಡಿ ಒತ್ತಿದರು. ಚಾವಣಿ ಆಕಳಿಸುತ್ತಾ ಹಿಂದಕ್ಕೆ ಮಡಚಿಕೊಂಡಿತು. ಶೋರೂಮಿನ ದೀಪಗಳೆಲ್ಲ ನಕ್ಷತ್ರಗಳಾದವು. ಮ್ಯಾನೇಜರ ಕಣ್ಣು ಒದ್ದೆಯಾಯಿತು.

"ಮೇಡಂಗಾ ಸಾರ್?" ಎಂದ ಮಾರಾಟಗಾರ.

ಆಗ ಒಂದೇ ಒಂದು ಸಲ ನಿಜ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮ್ಯಾನೇಜರ ಕಣ್ಣ ಮುಂದೆ ಮೀಸೆ ಕುಣಿಯಿತು. ನಾಲಿಗೆ ತಾನಾಗಿ ಹೊರಳಿತು.

"ಹೂಂ ಹೂಂ. ನಮ್ಮ ಮನೆಯವರಿಗೆ."

ನಮ್ಮ ಭಾಷೆಯಲ್ಲಿ ಈ 'ಮನೆಯವರು' ಎಂಬುದೊಂದು ಅಪೂರ್ವ ಶಬ್ದ. ಗಂಡ ಹೇಳಿದರೆ ಹೆಂಡತಿ, ಹೆಂಡತಿ ಹೇಳಿದರೆ ಗಂಡ. ಯಾರು ಹೇಳಿದರೂ ಹೇಳಿದವರೊಬ್ಬರು ತಪ್ಪಿಸಿಕೊಳ್ಳುತ್ತಾರೆ.

ಮ್ಯಾನೇಜರ ಮನೆಯವರು ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರು ಕಾರಿಡಾರಿನಲ್ಲಿ ಕೆಮ್ಮಿದರೆ ಮೂರನೇ ಮಹಡಿಯಲ್ಲಿ ಮಕ್ಕಳು ಕೈಕಟ್ಟಿ ಕೂರುತ್ತಿದ್ದರು. ಊರಿಗೆಲ್ಲ ಹೆಡ್ ಮೇಡಂ ಆಗಿದ್ದ ಅವರು ಮನೆಯಲ್ಲೂ ಆ ಹುದ್ದೆಗೆ ರಾಜೀನಾಮೆ ಕೊಟ್ಟಿರಲಿಲ್ಲ.

"ಏನ್ರೀ ಇದು?" ಎಂದರು ಗೇಟಿನ ಮುಂದೆ ನಿಂತು.

"ನಿನಗೆ ಕಣೇ. ಕಾಣಿಕೆ."

"ನಾನು ಕೇಳಿದ್ದು ಫ್ರಿಜ್ಜು."

"ಇದೂ ತಂಪಾಗೇ ಇರುತ್ತೆ. ಮೇಲೆ ತೆರೆದು ನೋಡು."

"ಇದ್ರಲ್ಲಿ ನಾನು ಸ್ಕೂಲಿಗೆ ಹೋಗ್ಬೇಕಾ? ನಾಳೆಯಿಂದ ಮಕ್ಕಳು ನನ್ನ ಕಂಡ್ರೆ ಶಿಳ್ಳೆ ಹೊಡೀತಾರೆ. ಇದು ಪಡ್ಡೆ ಹುಡುಗರ ಕಾರು ರೀ! ಇಲ್ಲಾಂದ್ರೆ ವಯಸ್ಸಾಗ್ತಿದೆ ಅಂತ ಗಾಬರಿ ಬಿದ್ದಿರೋ ಗಂಡಸರ ಕಾರು." ಇಷ್ಟು ಹೇಳಿ ಗಂಡನ ತಲೆಯನ್ನೊಮ್ಮೆ ನೋಡಿದರು. ಆ ನೋಟದಲ್ಲಿ ಒಂದು ಪ್ರಬಂಧವೇ ಇತ್ತು.

ಅಷ್ಟರಲ್ಲಿ ಮ್ಯಾನೇಜರ ಅಮ್ಮ ಹೊರಗೆ ಬಂದರು. ಈ ಅಮ್ಮ ಆಸ್ಪತ್ರೆಯ ಆಂಬುಲೆನ್ಸ್ ಓಡಿಸಿ ನಿವೃತ್ತರಾದವರು. ಅವರು ಕೆಲಸದಿಂದ ನಿವೃತ್ತರಾಗಿದ್ದರೂ, ಅಡ್ಡ ಬಂದವರು ತಾವಾಗಿಯೇ ಸರಿಯುತ್ತಾರೆಂಬ ಅವರ ನಂಬಿಕೆ ಇನ್ನೂ ಸೇವೆಯಲ್ಲಿತ್ತು. ಕಾರನ್ನು ಒಂದು ಸುತ್ತು ಹಾಕಿ, ಟೈರಿಗೆ ಚಪ್ಪಲಿಯಿಂದ ಒಂದು ತಟ್ಟು ತಟ್ಟಿ, ಒಳಗೆ ಬಗ್ಗಿ ನೋಡಿದರು.

"ನನಗೆ ಸೀಟೆಲ್ಲೋ?"

"ಇರೋದೇ ಎರಡು ಅಮ್ಮ."

"ಮೂರು ಜನರ ಮನೆಗೆ ಎರಡು ಸೀಟು ತಂದಿದ್ದೀಯ. ಇದು ಕಾರಲ್ಲ ಮಗಾ, ಜಗಳ."

ಆದರೆ ಜಗಳವಾಗಲಿಲ್ಲ, ಅದಕ್ಕಿಂತ ವಿಚಿತ್ರವಾದದ್ದು ಆಯಿತು. ಆಫೀಸಿನಲ್ಲಿ ಕೇಳಿದವರಿಗೆ ಮ್ಯಾನೇಜರು "ನಮ್ಮ ಮನೆಯವರದು" ಎಂದರು. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆ ಹೆಡ್ ಮೇಡಂ ಕೂಡ "ನಮ್ಮ ಮನೆಯವರದು" ಎಂದರು. ವಿಜ್ಞಾನದ ಟೀಚರಂತೂ "ಪಾಪ, ಈ ವಯಸ್ಸಿನಲ್ಲಿ ಹಾಗಾಗುತ್ತೆ ಮೇಡಂ, ಸ್ವಲ್ಪ ದಿನ ಬಿಟ್ರೆ ಇಳಿಯುತ್ತೆ" ಎಂದು ಜ್ವರಕ್ಕೆ ಹೇಳುವ ಹಾಗೆ ಸಮಾಧಾನ ಹೇಳಿದರು. ಹೀಗೆ ಇಬ್ಬರು ಯಜಮಾನರಿದ್ದೂ ಆ ಕಾರು ಅನಾಥವಾಯಿತು.

ಭಾನುವಾರ ಬೆಳಗಿನ ಹೊತ್ತು ಮಾತ್ರ ಬೇರೆ. ಬೀದಿಯವರು ಇನ್ನೂ ಮಗ್ಗುಲು ಬದಲಿಸುತ್ತಿರುವಾಗಲೇ ಗಂಡ ಹೆಂಡತಿ ಕಳ್ಳರ ಹಾಗೆ ಹೊರಬಿದ್ದು, ಊರು ದಾಟಿದ ಮೇಲೆ ಗುಂಡಿ ಒತ್ತುತ್ತಿದ್ದರು. ಚಾವಣಿ ಮಡಚಿಕೊಂಡೊಡನೆ ಆಕಾಶ ಸೀದಾ ಮಡಿಲಿಗೇ ಬಂದು ಕೂರುತ್ತಿತ್ತು. ಕೆರೆಯ ಮೇಲೆ ಮಂಜು ನಿಂತಿರುತ್ತಿತ್ತು. ಮರಗಳು ತಲೆಯ ಮೇಲೆ ಒಂದೊಂದಾಗಿ ಹಾದು ಹೋಗುತ್ತಿದ್ದವು, ಯಾರೋ ಹಸಿರು ಸೀಮೆಸುಣ್ಣದಲ್ಲಿ ಬರೆದು ಬರೆದು ಒರೆಸುತ್ತಿರುವ ಹಾಗೆ. ಇಡೀ ಶಾಲೆಯನ್ನು ನಡುಗಿಸುವ ಹೆಡ್ ಮೇಡಂ ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಎರಡೂ ಕೈ ಮೇಲೆತ್ತಿ "ಹೋಯ್!" ಎಂದು ಕೂಗುತ್ತಿದ್ದರು. ಕೆರೆಯಾಚೆಯಿಂದ ಇನ್ನೊಬ್ಬ ಹೆಡ್ ಮೇಡಂ "ಹೋಯ್" ಎನ್ನುತ್ತಿದ್ದರು. ಮ್ಯಾನೇಜರಿಗೆ ನಿಜವಾಗಿ, ಹೊಟ್ಟೆ ತುಂಬ, ಸುಖವಾಗುತ್ತಿತ್ತು. ಆಫೀಸಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕಂಡದ್ದನ್ನೇ ಈಗ ಕಣ್ಣು ಬಿಟ್ಟು ಕಾಣುತ್ತಿದ್ದರು, ಕೂದಲೊಂದು ಬಿಟ್ಟು.

ಊರು ಹತ್ತಿರ ಬಂದಂತೆ ಇಬ್ಬರೂ ಸಣ್ಣಗಾಗುತ್ತಿದ್ದರು.

"ಇನ್ನು ನೀನು ಓಡಿಸು. ನಿನ್ನ ಕಾರು ತಾನೇ."

"ನೀವೇ ಓಡಿಸಿ. ತಂದೋರು ನೀವು ತಾನೇ."

"ಯಾರಾದ್ರೂ ನೋಡ್ತಾರೆ ಕಣೇ."

"ಅದಕ್ಕೇ ಹೇಳಿದ್ದು!"

ಹೀಗಿರುವಾಗ ಕಂಪನಿಯ ಹೊಸ ಪಂಪಿನ ಬಿಡುಗಡೆ ಸಮಾರಂಭ ಬಂತು. ದೊಡ್ಡ ಸಭಾಂಗಣ, ಕುಟುಂಬ ಸಮೇತ ಆಹ್ವಾನ. ಅಮ್ಮ ಎಂದಿನಂತೆ ಬಸ್ಸಿಗೆ ಹೊರಟರು. "ಎರಡು ಸೀಟಿನವರು ಮೊದಲು ಹೋಗಿ, ನಾನು ನಲವತ್ತು ಸೀಟಿನದ್ರಲ್ಲಿ ಬರ್ತೀನಿ" ಎಂದರು. ಹವೆ ಚೆನ್ನಾಗಿತ್ತೆಂದು ಗಂಡ ಹೆಂಡತಿ ಮೇಲೆ ತೆರೆದುಕೊಂಡೇ ಬಂದರು. ಸಭಾಂಗಣದ ಹಿಂದೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ನಿಲ್ಲಿಸಿ, ಚಾವಣಿ ಮುಚ್ಚಲು ಕೈ ಚಾಚಿದರೋ ಇಲ್ಲವೋ, ಗೇಟಿನಲ್ಲಿ ಮೀಸೆಯ ಪರ್ವತದಂಥ ಕಾರು ಕಾಣಿಸಿತು. ಅದರ ಹಿಂದೆಯೇ ಶಾಲಾ ಸಮಿತಿಯ ಅಧ್ಯಕ್ಷರ ಕಾರು. (ಅಧ್ಯಕ್ಷರು ಕಂಪನಿಯ ಯಜಮಾನರ ಭಾವ ಎಂಬುದು ಹೆಡ್ ಮೇಡಂಗೆ ತಿಳಿದದ್ದು ಆ ಕ್ಷಣದಲ್ಲೇ.) ಇಬ್ಬರೂ ಎರಡು ಬಾಗಿಲಿನಿಂದ ಹಾರಿ, ಎರಡು ದಿಕ್ಕಿಗೆ ನಡೆದು, ಒಳಗೆ ಹೋಗಿ, ಆಗ ತಾನೇ ಭೇಟಿಯಾದವರಂತೆ ಅಕ್ಕಪಕ್ಕ ಕೂತರು.

ಯಜಮಾನರ ಭಾಷಣ ಅರ್ಧಕ್ಕೆ ಬಂದಿತ್ತು. ಹೊರಗೆ ಗುಡುಗಿತು. ಅಷ್ಟು ಹೊತ್ತು ಎಲ್ಲಿತ್ತೋ, ಮಳೆ ಧೋ ಎಂದು ಸುರಿಯತೊಡಗಿತು.

ಮ್ಯಾನೇಜರು ಹೆಂಡತಿಯ ಮೊಣಕೈ ತಿವಿದರು. "ಮೇಲೆ ತೆರೆದಿದೆ ಕಣೇ. ಹೋಗೇ."

"ಅಧ್ಯಕ್ಷರು ಮುಂದಿನ ಸಾಲಲ್ಲೇ ಇದ್ದಾರೆ. ನೀವು ಹೋಗಿ."

"ಮೀಸೆ ಬಾಗಿಲಲ್ಲೇ ನಿಂತಿದೆ."

"ಹಾಗಾದ್ರೆ ನೆನೀಲಿ!" ಎಂದರು ಹೆಡ್ ಮೇಡಂ. ಆದರೆ ಹಾಗೆಂದಾಗ ಅವರ ಕಣ್ಣು ಕಿಟಕಿಯ ಮೇಲಿತ್ತು.

ಸಭಾಂಗಣದ ಚಾವಣಿಯ ಮೇಲೆ ಬೀಳುತ್ತಿದ್ದ ಒಂದೊಂದು ಹನಿಯೂ ಮ್ಯಾನೇಜರ ಎದೆಯ ಮೇಲೆ ಬೀಳುತ್ತಿತ್ತು. ಯಜಮಾನರ ಭಾಷಣ ಮುಗಿದೊಡನೆ ಮೀಸೆ ಮೈಕು ಹಿಡಿದರು.

"ಒಂದು ಪ್ರಕಟಣೆ. ಹಿಂದುಗಡೆ ಒಂದು ಪುಟಾಣಿ ಕೆಂಪು ಕಾರು ಬಾಯಿ ತೆರ್ಕೊಂಡು ಮಳೆ ಕುಡೀತಾ ಇದೆ. ಯಾರ ಶ್ರೀಮತಿಯವರದ್ದೋ, ದಯವಿಟ್ಟು ಬಂದು ಮುಚ್ಚಬೇಕಂತೆ."

ಸಭೆ ಗೊಳ್ಳೆಂದಿತು. ಮ್ಯಾನೇಜರಿಗೆ ತಡೆಯಲಾಗಲಿಲ್ಲ. ಅರ್ಧ ಎದ್ದರು. 'ನನ್ನದು' ಎನ್ನಬೇಕು, ಮೂರೇ ಅಕ್ಷರ.

"ಏನ್ ಸಾರ್, ನಿಮ್ದಾ?" ಎಂದರು ಮೀಸೆ, ಮೈಕಿನಲ್ಲೇ.

ಮುಂದಿನ ಸಾಲಿನಿಂದ ಅಧ್ಯಕ್ಷರೂ ತಿರುಗಿ ನೋಡಿದರು. "ಮೇಡಂ, ನಿಮ್ದಾ?"

"ನಮ್ಮ ಮನೆಯವರದು!" ಎಂದರು ಮ್ಯಾನೇಜರು.

"ನಮ್ಮ ಮನೆಯವರದು!" ಎಂದರು ಹೆಡ್ ಮೇಡಂ, ಅದೇ ಕ್ಷಣದಲ್ಲಿ, ಅದೇ ರಾಗದಲ್ಲಿ.

ಇಬ್ಬರ ಬೆರಳೂ ಪರಸ್ಪರರ ಕಡೆಗಿದ್ದವು. ಸಭೆಯ ತಲೆಗಳು ಇವರಿಂದ ಅವರಿಗೆ, ಅವರಿಂದ ಇವರಿಗೆ ತಿರುಗಿದವು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಒದ್ದೆ ಕೊಡೆ ಮೇಲೆದ್ದಿತು.

"ಮನೆಯವರದೇ. ನನ್ನದು" ಎಂದರು ಅಮ್ಮ. "ನಾನೇನು ಪಕ್ಕದ ಮನೆಯವಳಾ? ಎಲ್ಲೋ ಕೀಲಿ, ಕೊಡು ಇಲ್ಲಿ."

ಸಭಾಂಗಣ ಚಪ್ಪಾಳೆಯಿಂದ ಕಿತ್ತುಹೋಯಿತು. ಅಧ್ಯಕ್ಷರು ಎದ್ದು ನಿಂತು ಕೈಮುಗಿದರು. "ಅಜ್ಜೀ, ಕಾರು ಅಂದ್ರೆ ಅದು! ಏನ್ ಟೇಸ್ಟು!" ಎಂದು ಮೀಸೆಯೇ ಓಡಿ ಹೋಗಿ ಕೊಡೆ ಹಿಡಿದರು. ಮ್ಯಾನೇಜರು ಬಾಯಿ ಬಿಟ್ಟುಕೊಂಡು ನೋಡಿದರು. ಇಷ್ಟು ದಿನ ಅವರು ಹೆದರಿದ್ದು ಈ ಮೂರು ಅಕ್ಷರಕ್ಕೆ; ಹೇಳಿದವರಿಗೆ ಸಿಕ್ಕಿದ್ದು ಮಾತ್ರ ನಮಸ್ಕಾರ.

ಅಷ್ಟಕ್ಕೇ ಮುಗಿಯಲಿಲ್ಲ. ಕಾರಿನಲ್ಲಿ ಕಾಲಿಡುವ ಜಾಗವೆಲ್ಲ ಕೆರೆಯಾಗಿತ್ತು. ಯಜಮಾನರಿಗೆ ತಟ್ಟನೆ ಹೊಳೆಯಿತು: ನೀರಿದೆ, ಹೊಸ ಪಂಪಿದೆ, ನೋಡುವ ಜನರಿದ್ದಾರೆ! ಮಳೆ ನಿಂತ ಮೇಲೆ, ಸಕಲ ಬಂಧುಬಾಂಧವರ ಸಮ್ಮುಖದಲ್ಲಿ, ಮಾರಾಟ ವಿಭಾಗದ ಮ್ಯಾನೇಜರೇ ಪ್ಯಾಂಟು ಮಡಚಿ ತಮ್ಮ ಕನಸಿನೊಳಗಿನ ನೀರನ್ನು ತಮ್ಮದೇ ಕಂಪನಿಯ ಪಂಪಿನಿಂದ ಎತ್ತಿ ಹೊರಗೆ ಹಾಕಿದರು. ಪಂಪು ಚೆನ್ನಾಗಿ ಕೆಲಸ ಮಾಡಿತು. ಫೋಟೋ ಕೂಡ ಬಂತು, ಅದರಲ್ಲಿ ಅಮ್ಮ ಸ್ಟೀರಿಂಗ್ ಹಿಡಿದು ಕೂತಿದ್ದಾರೆ.

ಮರುದಿನ ಬೆಳಿಗ್ಗೆ ಮ್ಯಾನೇಜರು ಹೊರಗೆ ಬರುವಷ್ಟರಲ್ಲಿ ಕಾರು ಸ್ಟಾರ್ಟ್ ಆಗಿತ್ತು. ಅಮ್ಮ ಓಡಿಸುವ ಜಾಗದಲ್ಲಿ, ಹೆಡ್ ಮೇಡಂ ಪಕ್ಕದಲ್ಲಿ. ಸಾರಿಗೆ ಉಪ್ಪು ಎಷ್ಟು ಎಂಬುದರಲ್ಲಿ ಒಂದು ದಿನವೂ ಒಮ್ಮತಕ್ಕೆ ಬಾರದ ಅತ್ತೆ ಸೊಸೆ ಒಂದೇ ಬಣ್ಣದ ಸ್ಕಾರ್ಫು ಕಟ್ಟಿಕೊಂಡಿದ್ದರು.

"ಅತ್ತೆ ಸ್ಕೂಲಿಗೆ ಬಿಡ್ತಾರಂತೆ ರೀ. ವಯಸ್ಸಾದೋರು, ಬೇಡ ಅನ್ನೋಕಾಗುತ್ತಾ?" ಎಂದರು ಹೆಡ್ ಮೇಡಂ. ಅತ್ತೆಯ ಕಾರಿನಲ್ಲಿ ಕೂರುವ ಸೊಸೆಗೆ ಯಾವ ಶಾಲಾ ಸಮಿತಿಯೂ ಏನೂ ಅನ್ನುವಂತಿರಲಿಲ್ಲ.

"ಅಮ್ಮಾ, ಒಂದ್ಸಲ ನಾನು ಓಡಿಸ್ಲಾ?"

"ಅದಕ್ಕೇನು, ಓಡಿಸು. ಯಾರದು ಅಂತ ಕೇಳಿದ್ರೆ ಏನಂತೀಯ?"

ಮ್ಯಾನೇಜರು ಬಾಯಿ ತೆರೆದರು. ಅದೇ ಹೊತ್ತಿಗೆ ಎದುರುಮನೆಯವರು ಪೇಪರ್ ತೆಗೆದುಕೊಳ್ಳಲು ಗೇಟಿಗೆ ಬರಬೇಕೇ!

"ಅಮ್ಮ... ಅಮ್ಮನದು ಅಂತೀನಿ."

"ಹಾಂ, ಅಷ್ಟೇ ಮತ್ತೆ. ನಿನ್ನ ಬಸ್ಸಿಗೆ ಹೊತ್ತಾಯ್ತು ನೋಡು."

ಕಾರು ಹೋಯಿತು. ಅಡ್ಡ ಬಂದವರು ತಾವಾಗಿಯೇ ಸರಿದರು.

ಮ್ಯಾನೇಜರು ಊಟದ ಡಬ್ಬಿ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತರು. ತಿರುವಿನ ಸಿಗ್ನಲ್ ಬಳಿ ಕೆಂಪು ಕಾರು ಇನ್ನೂ ಕಾಣುತ್ತಿತ್ತು. ಸಿಗ್ನಲ್ ಬಿಟ್ಟಾಗ ಸ್ಕಾರ್ಫುಗಳು ಒಮ್ಮೆಲೇ ಮೇಲೆದ್ದವು. ದೂರದಿಂದ "ಹೋಯ್!" ಎಂದು ಕೇಳಿಸಿತು, ಎರಡು ದನಿಯಲ್ಲಿ.

ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರು ಉಸಿರು ಬಿಟ್ಟರು. "ಆಹಾ, ಎಂಥಾ ಕಾರು! ಯಾರ ಪುಣ್ಯವೋ."

ಮ್ಯಾನೇಜರ ಎದೆ ತುಂಬಿ ಬಂತು. ಅಕ್ಕಪಕ್ಕ ಮೀಸೆಯಿರಲಿಲ್ಲ, ಎದುರುಮನೆಯವರಿರಲಿಲ್ಲ. ಕೊನೆಗೂ ನಾಲಿಗೆ ನೆಟ್ಟಗೆ ಹೊರಳಿತು.

"ನನ್ನದು" ಎಂದರು.

ಆ ಅಪರಿಚಿತರು ಮ್ಯಾನೇಜರ ತಲೆ ನೋಡಿದರು, ಡಬ್ಬಿ ನೋಡಿದರು, ಬರುತ್ತಿದ್ದ ಬಸ್ಸನ್ನೂ ನೋಡಿದರು.

"ಸರಿ ಸಾರ್. ಈ ಬಸ್ಸು ನಮ್ಮಪ್ಪಂದು. ಹತ್ತಿ, ಕೂತ್ಕೊಳ್ಳಿ."

ಮ್ಯಾನೇಜರು ಹತ್ತಿ ಕೂತರು. ಕಿಟಕಿ ಸರಿಸಿ ಕಣ್ಣು ಮುಚ್ಚಿದರು. ಮೆಲ್ಲಗೆ ಬಸ್ಸಿನ ಚಾವಣಿ ಮಾಯವಾಯಿತು, ಜನರು ಮಾಯವಾದರು, ಕೆರೆಯ ಪಕ್ಕದ ರಸ್ತೆ ಬಂತು, ಕೆಂಪು ಕಾರೂ ಬಂತು. ಅಮ್ಮ ಓಡಿಸುತ್ತಿದ್ದರು, ಹೆಂಡತಿ ಪಕ್ಕದಲ್ಲಿ ಕೂತಿದ್ದರು. ತಾವೆಲ್ಲಿ ಎಂದು ಮ್ಯಾನೇಜರು ಗಾಬರಿಯಿಂದ ಹುಡುಕಿದರು. ಇದ್ದರು, ಹಿಂದುಗಡೆ, ಚಾವಣಿ ಮಡಚಿಡುವ ಜಾಗದಲ್ಲಿ, ತಾವೂ ನಾಲ್ಕು ಮಡಿಕೆಯಾಗಿ. ಆದರೂ ಗಾಳಿ ಸುಖವಾಗಿ ಬೀಸುತ್ತಿತ್ತು, ಮತ್ತು ಅವರ ತಲೆಯ ತುಂಬ ಕೂದಲಿತ್ತು.